ನಮ್ಮ ಷಡ್ಡಕರ ತುಪ್ಪುಳಿನ ಕೋಟು

ಬೆಂಗಳೂರಿನ ಚಳಿಯ ದಾಖಲೆ 7.8 ಡಿಗ್ರಿ. ಅದೂ 1884ರ ಜನವರಿಯದು. ಇಂಥ ಊರಿನ ಎಂಟನೆಯ ಮಹಡಿಯಲ್ಲಿ, ಮೇ ತಿಂಗಳ ಮಟಮಟ ಮಧ್ಯಾಹ್ನ, ಫ್ಯಾನಿನ ಕೆಳಗೆ ಬನಿಯನ್ನಿನಲ್ಲಿ ಕೂತು ನಮ್ಮ ಷಡ್ಡಕರು ಹಿಮದ ರಾತ್ರಿಗೆ ತಯಾರಾಗುತ್ತಿದ್ದರು. ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಾಂತ ಚಾರಣ. ಇನ್ನೂ ಏಳು ತಿಂಗಳಿತ್ತು. ಒಂದು ಡೌನ್ ಜಾಕೆಟ್, ಅಂದರೆ ಹಕ್ಕಿಯ ತುಪ್ಪುಳು ತುಂಬಿದ ಕೋಟು, ಆರಿಸುವುದಕ್ಕೆ ಅಷ್ಟು ಸಮಯ ಸಾಕಾಗುತ್ತದೋ ಇಲ್ಲವೋ ಎಂಬುದೇ ಅವರ ಚಿಂತೆ.

ಹೆಣ್ಣು ನೋಡಲು ಬಂದಾಗ ಇದೇ ಮನುಷ್ಯ ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಒಪ್ಪಿಗೆ ಹೇಳಿಬಿಟ್ಟಿದ್ದರಂತೆ. ನಾದಿನಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಇಂಥವರೊಬ್ಬರು ನಿಮ್ಮ ನೆಂಟರಲ್ಲೂ ಇರುತ್ತಾರೆ. ಹೋದ ವರ್ಷ ಸೈಕಲ್, ಅದರ ಹಿಂದಿನ ವರ್ಷ ಕಾಫಿ ಯಂತ್ರ. ವಸ್ತು ಮನೆಗೆ ಬರುವ ಹೊತ್ತಿಗೆ ಅದರ ಮೇಲಿನ ಆಸೆ ತೀರಿ, ಪಾಂಡಿತ್ಯವಷ್ಟೇ ಉಳಿದಿರುತ್ತದೆ. ಆ ಪಾಂಡಿತ್ಯಕ್ಕೆ ಕಿವಿ ಬೇಕಲ್ಲ, ಹಾಗಾಗಿ ನಾನು.

"ಭಾವ, ಫಿಲ್ ಪವರ್ ಅಂದ್ರೇನು ಗೊತ್ತಾ?"

ಗೊತ್ತಿಲ್ಲ ಎಂದೆ. ಗೊತ್ತು ಅಂದಿದ್ದರೂ ಅವರು ಹೇಳದೆ ಬಿಡುತ್ತಿರಲಿಲ್ಲ. ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪುಳನ್ನು ಕೊಳವೆಗೆ ಹಾಕಿ, ಮೇಲೆ ಹಗುರವಾದ ತೂಕವಿಟ್ಟು, ಅದು ಎಷ್ಟು ಘನ ಇಂಚು ಜಾಗ ಹಿಡಿಯುತ್ತದೆ ಎಂದು ಅಳೆಯುತ್ತಾರೆ. 800 ಎಂದರೆ ಹೆಚ್ಚುಕಡಿಮೆ ಹದಿಮೂರು ಲೀಟರ್. ಅವರು ಎದ್ದು ಬಚ್ಚಲಿನಿಂದ ಬಕೆಟ್ಟನ್ನೇ ತಂದು ತೋರಿಸಿದರು. "ಇಷ್ಟು, ಭಾವ! ಬರೀ ಇಪ್ಪತ್ತೆಂಟು ಗ್ರಾಂ!" ಒಳಗಿಂದ ನಾದಿನಿ, "ಅದರಲ್ಲಿ ಬಟ್ಟೆ ನೆನೆಹಾಕಿದ್ದೆ, ಎಲ್ಲಿ ಸುರಿದ್ರಿ?" ಎಂದು ಕೂಗಿದಳು.

ನಾನು ನಕ್ಕೆ. ಷಡ್ಡಕರು ಮುನಿಯಲಿಲ್ಲ. "1922ರಲ್ಲೂ ಹೀಗೇ ನಕ್ಕಿದ್ರು" ಎಂದರು. ಆ ವರ್ಷದ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಎಂಬಾತ ಬಲೂನಿನ ಬಟ್ಟೆಗೆ ಈಡರ್ ಬಾತಿನ ತುಪ್ಪುಳು ತುಂಬಿಸಿ ಕೋಟು ಹೊಲಿಸಿಕೊಂಡು ಹೋಗಿದ್ದ. ಉಣ್ಣೆ, ಟ್ವೀಡ್ ತೊಟ್ಟ ಜೊತೆಗಾರರು ಗೇಲಿ ಮಾಡಿದರು. ಫಿಂಚ್ 8,300 ಮೀಟರ್ ಮುಟ್ಟಿ ಬಂದ. ಷಡ್ಡಕರನ್ನು ನೋಡಿ ಯಾರೇ ನಗಲಿ, ಅವರ ಉತ್ತರ ಒಂದೇ: 1922.

ಅವರು ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ ಎಂಬುದು ಇದರಲ್ಲಿರುವ ತೊಂದರೆ. ಚೀಟಿಯ ಮೇಲಿನ 800 ನೋಡಿ ಮೋಸ ಹೋಗಬಾರದಂತೆ. ಮಂಡಕ್ಕಿ ಎಷ್ಟು ಅರಳಿದೆ ಎನ್ನುವುದು ಫಿಲ್ ಪವರ್, ಚೀಲದಲ್ಲಿ ಎಷ್ಟು ಸೇರಿದೆ ಎನ್ನುವುದು ಬೇರೆ ಲೆಕ್ಕ. 50 ಗ್ರಾಂ ತುಂಬಿದ 800ಕ್ಕಿಂತ 150 ಗ್ರಾಂ ತುಂಬಿದ 600 ಬೆಚ್ಚಗೆ. ಇದನ್ನು ಅವರು ಅಂಗಡಿಯ ಹುಡುಗನನ್ನೂ ಕೇಳಿದರು, "ಒಳಗೆ ಎಷ್ಟು ಗ್ರಾಂ ತುಂಬಿದೀರಪ್ಪ?" ಹುಡುಗ ಒಂದು ಕ್ಷಣ ಯೋಚಿಸಿ, "ಎಲ್ಲೂ ಇದೆ ಸಾರ್, ಎಕ್ಸೆಲ್ಲೂ ಇದೆ" ಎಂದ.

ಕೊನೆಗೂ ದೀಪಾವಳಿಗೆ ಜಾಕೆಟ್ ಬಂತು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರು: 340 ಗ್ರಾಂ. ಬಿಟ್ಟು ಬಂದದ್ದು 395. ಆ 55 ಗ್ರಾಂ ಇಳಿಸಲು ಆರು ಸಾವಿರ ಹೆಚ್ಚಿಗೆ ತೆತ್ತಿದ್ದರು. ಹಬ್ಬಕ್ಕೆ ಬಂದಿದ್ದ ನಮ್ಮ ಅತ್ತೆ ಅದನ್ನು ದೂರದಿಂದಲೇ ನೋಡಿ, "ಕೋಳಿ ಪುಕ್ಕದ್ದಾ?" ಎಂದರು.

"ಕೋಳಿ ಅಲ್ಲ ಅತ್ತೆ, ಗೂಸು. ಹಂಸದ ಜಾತಿ. ಸರಸ್ವತಿ ವಾಹನ."

"ಸರಸ್ವತಿ ವಾಹನದ ಪುಕ್ಕ ಕಿತ್ತರೆ ವಿದ್ಯೆ ಹತ್ತತ್ತಾ?"

"ಬದುಕಿರೋ ಹಕ್ಕಿಯಿಂದ ಕಿತ್ತಿದ್ದಲ್ಲ ಅಂತ ಪ್ರಮಾಣಪತ್ರ ಇದೆ, ಅತ್ತೆ."

"ಅಯ್ಯೋ, ಸತ್ತಿದ್ದರದ್ದಾ!"

ಜಾಕೆಟ್ ಬಾಲ್ಕನಿಗೆ ಹೋಯಿತು. ಅತ್ತೆಯ ಮನಸ್ಸು ಮಾತ್ರ ಕರಗಿ, ದಾರಿಗೆಂದು ಎರಡು ಕಿಲೋ ಚಕ್ಕುಲಿ, ಕೋಡುಬಳೆ, ಜೊತೆಗೆ ತಾವೇ ಹೆಣೆದ ಕಂದು ಸ್ವೆಟರ್ ಕೊಟ್ಟರು. 55 ಗ್ರಾಂ ಉಳಿಸಿದವರು ಅದಷ್ಟನ್ನೂ ಮರುಮಾತಿಲ್ಲದೆ ಚೀಲಕ್ಕೆ ತುಂಬಿದರು.

ಚಾರಣಕ್ಕೆ ನಾನೂ ಹೋಗಿದ್ದೆ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯ ಅಂಗಡಿಯಿಂದ ಬಾಡಿಗೆಗೆ ತಂದ ನನ್ನ ಜಾಕೆಟ್ಟಿಗೆ ಹಿಂದಿನ ಹತ್ತಾರು ಚಾರಣಿಗರ ಮ್ಯಾಗಿ, ಸೀಮೆಎಣ್ಣೆ, ಬೆವರು ಎಲ್ಲದರ ವಾಸನೆಯಿತ್ತು. ಶಿಖರದ ದಿನ ನಡುರಾತ್ರಿ ಕಳೆದ ಮೇಲೆ ಹೊರಟೆವು. ಷಡ್ಡಕರ ಶಾಸ್ತ್ರದಂತೆ ನಡೆಯುವಾಗ ಡೌನ್ ಜಾಕೆಟ್ ತೊಡಬಾರದು. ಬೆವರಿಗೆ ತುಪ್ಪುಳು ಒದ್ದೆಯಾಗಿ ಮುದ್ದೆಗಟ್ಟಿದರೆ ಬಿಸಿ ಹಿಡಿಯುವುದಿಲ್ಲ. ನಿಂತಾಗ ಮಾತ್ರ ತೊಡಬೇಕು. ತೊಡುವ ಮೊದಲು ಚೆನ್ನಾಗಿ ಕೊಡವಿ ಉಬ್ಬಿಸಬೇಕು. ತಂಡ ಐದು ನಿಮಿಷ ನಿಲ್ಲುತ್ತಿತ್ತು. ಇವರು ಚೀಲ ಇಳಿಸಿ, ಕೈಗವಸು ಕಳಚಿ, ಚಕ್ಕುಲಿ ಡಬ್ಬಿಗಳ ಅಡಿಯಿಂದ ಚೊಂಬಿನಷ್ಟಾಗಿದ್ದ ಗಂಟನ್ನು ಹೆಕ್ಕಿ, ಬಿಡಿಸಿ, ಮಗುವನ್ನು ತಟ್ಟಿದ ಹಾಗೆ ತಟ್ಟಿ ತಟ್ಟಿ ಉಬ್ಬಿಸುವಷ್ಟರಲ್ಲಿ ಮಾರ್ಗದರ್ಶಿ "ಚಲೋ ಚಲೋ" ಎನ್ನುತ್ತಿದ್ದ. ಮತ್ತೆ ಮಡಚಿ ಒಳಗೆ. ಹೀಗೆ ನಾಲ್ಕು ಸಲ. 12,500 ಅಡಿ ಏರಿದ್ದು ಅತ್ತೆಯ ಕಂದು ಸ್ವೆಟರಿನಲ್ಲಿ, ತುದಿಯಲ್ಲಿ ಫೋಟೊ ಹಿಡಿಸಿಕೊಂಡದ್ದು ಜಾಕೆಟ್ಟಿನಲ್ಲಿ.

ಆ ರಾತ್ರಿ ಡೇರೆಯಲ್ಲಿ ನಾನು ಗಡಗಡ ನಡುಗುವುದನ್ನು ನೋಡಲಾರದೆ ಅದನ್ನು ನನಗೇ ಹೊದಿಸಿದರು. ಸುಳ್ಳು ಹೇಳಬಾರದು, ಐದೇ ನಿಮಿಷದಲ್ಲಿ ಬಾಣಂತಿ ಕೋಣೆಗೆ ಹೊಕ್ಕ ಹಾಗಾಯಿತು. "ಎಂಥಾ ಬಿಸಿ ಕೊಡತ್ತೆ ರೀ!" ಎಂದೆ. ಕತ್ತಲಲ್ಲಿ, ಹಲ್ಲು ಕಟಕಟಿಸುತ್ತಲೇ ಅವರು ತಿದ್ದಿದರು: "ಅದು ಬಿಸಿ ಕೊಡಲ್ಲ, ಭಾವ. ನಿಮ್ಮ ಬಿಸೀನೇ ಹೊರಗೆ ಹೋಗದ ಹಾಗೆ ಹಿಡಿಯತ್ತೆ."

ಡೌನ್ ಜಾಕೆಟ್ಟನ್ನು ಅದುಮಿ ಇಟ್ಟರೆ ಕಾಲಕ್ರಮದಲ್ಲಿ ಉಬ್ಬು ಹೋಗುತ್ತದೆ. ಆದ್ದರಿಂದ ಈಗ ಅದು ಬೆಂಗಳೂರಿನಲ್ಲಿ ಅರ್ಧ ಬೀರು ಆಕ್ರಮಿಸಿ ಹಾಯಾಗಿ ನೇತಾಡುತ್ತಿದೆ. ನಾದಿನಿಯ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಪೆಟ್ಟಿಗೆ ಸೇರಿವೆ. ಡಿಸೆಂಬರಿನಲ್ಲಿ ಹಿಮಾಲಯಕ್ಕೆ ಹೊರಟವರು ಯಾರಾದರೂ ಇದ್ದರೆ ಹೇಳಿ, ಎರವಲು ಕೊಡಿಸುತ್ತೇನೆ. ಅಳತೆ ಎಕ್ಸೆಲ್, ಬಾಡಿಗೆ ಇಲ್ಲ. ಪಡೆಯಲು ಹೋಗುವಾಗ ಮಾತ್ರ ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ. 1922ರ ಸುದ್ದಿ ಬಂದಾಗ ನಗಬೇಡಿ.