ಫೈನಲ್ ಮಹಾಶಯ

ಸಂಶೋಧನಾ ವಿದ್ಯಾರ್ಥಿಗಳಲ್ಲಿ ಫೈನಲ್ ಮಹಾಶಯ ಎಂಬ ಒಂದು ಜಾತಿ ಉಂಟು. ಚನ್ನಗಿರಿಯಿಂದ ಬರಲಿ, ಜಗಳೂರಿನಿಂದ ಬರಲಿ, ಗುರುತು ಹಿಡಿಯುವುದು ಸುಲಭ: ಕೊರಳಲ್ಲೊಂದು ಪೆನ್‌ಡ್ರೈವ್, ಅದರೊಳಗೆ ಮೂರನೇ ಅಧ್ಯಾಯದ ಇಡೀ ವಂಶಾವಳಿ. ‘ಫೈನಲ್’, ‘ಹೊಸ ಫೈನಲ್’, ‘ಸರ್ ಹೇಳಿದ ಫೈನಲ್’, ‘ಇದೇ ಫೈನಲ್’, ಮತ್ತೆ ಯಾಕೋ ‘ಫೈನಲ್ ಹಳೇದು’. ಸೋಮಾರಿಯಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಹೊನ್ನಾಳಿ, ನ್ಯಾಮತಿ ಸೀಮೆಯ ಹಳ್ಳಿಗಳನ್ನು ಬಿಸಿಲಲ್ಲಿ ಅಲೆದು, ಬಟ್ಟೆ ಒಗೆಯುವ ಕಲ್ಲಾಗಿ ಹೋದ ಶಾಸನವನ್ನು ಮಗುಚಿ, ಸೀಮೆಸುಣ್ಣ ತಿಕ್ಕಿ, ಸವೆದ ಅಕ್ಷರವನ್ನು ಬೆರಳಲ್ಲೇ ತಡವಿ ಓದುವವನು ಇವನು. ಇವನು ನುಡಿ ತಂತ್ರಾಂಶದಲ್ಲಿ ಟೈಪಿಸಿದ ಅಧ್ಯಾಯವನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೋ, ಹಳಗನ್ನಡ ಬಲ್ಲ ಗೈಡ್ ಕೂಡ ಓದಲಾರದ ಹೊಸ ಲಿಪಿಯೊಂದು ಮೂಡುತ್ತದೆ. ಆಗ ಮೆಲ್ಲಗೆ, ‘ಸರ್, ಅದು ಫೈನಲ್ ಅಲ್ಲ’ ಅನ್ನುತ್ತಾನೆ.

ಇವನು ಓದುವ ಕಲ್ಲನ್ನೇ ಇವನ ವಿರುದ್ಧ ಸಾಕ್ಷಿಗೆ ಕರೆಯಬಹುದು. ಶಾಸನದಲ್ಲಿ ಸಾಮಾನ್ಯವಾಗಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇರುತ್ತವೆ. ಎಷ್ಟೋ ಕಡೆ ಬರೆದವನ, ಕಂಡರಿಸಿದವನ ಹೆಸರೂ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ ಕೊಟ್ಟರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದ 7ನೇ ಸಂಪುಟಕ್ಕೆ, ಜಗಳೂರು ಚಿತ್ರದುರ್ಗದ 11ನೆಯದಕ್ಕೆ ಸೇರಿದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಈ ಮೂರೂ ಅದಕ್ಕೆ ಸೇರಿದವು, ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಯಿತು. ಇಷ್ಟೆಲ್ಲ ಆದರೂ ಹೊನ್ನಾಳಿಯ ಹಳೆಯ ಸಂಖ್ಯೆ ಹಿಡಿದು ಹೊರಟವನಿಗೆ ಇಂದಿಗೂ ಅದೇ ಶಾಸನ ಸಿಗುತ್ತದೆ. ಮೆಟಾಡೇಟಾ ಎಂಬ ಭಯಂಕರ ಹೆಸರಿನ ಹಿಂದೆ ಇರುವುದು ಇಷ್ಟೇ. ಕರಡಿನ ಸಂಖ್ಯೆ, ತಾರೀಖು, ತಿದ್ದಿದವರು ಯಾರು, ಏನು ತಿದ್ದಿದರು, ಯಾಕೆ: ಐದು ಕಲಂ. (ಈ ಬರಹದ ಫೈಲಿಗೆ ಏನು ಹೆಸರೆಂದು ದಯವಿಟ್ಟು ಕೇಳಬೇಡಿ.)

ಕಲ್ಲನ್ನು ತಿದ್ದಲಾಗದು, ನಮ್ಮದು ದಿನಾ ಬದಲಾಗುತ್ತದಲ್ಲ ಎಂದು ಮಹಾಶಯ ವಾದಿಸುತ್ತಾನೆ. ದಿನಾ ಬದಲಾಗುವುದಕ್ಕೇ ತಾನೇ ಲೆಕ್ಕ ಬೇಕಾದ್ದು? ಅಡಿಕೆ ಮಂಡಿಗೆ ಯಾವ ದಿನ ಎಷ್ಟು ಚೀಲ ಹೋಯಿತು, ಯಾವ ಧಾರಣೆಗೆ ಹೋಯಿತು ಎಂಬುದನ್ನು ಇವನ ತಂದೆ ಬಾಯಿಪಾಠ ಮಾಡಿಕೊಂಡಿಲ್ಲ, ಚೀಟಿ ಇಟ್ಟುಕೊಂಡಿದ್ದಾರೆ. ತಾರೀಖನ್ನು ಕಂಪ್ಯೂಟರೇ ಹೇಳುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ವಾಟ್ಸಾಪಿನಿಂದ ಇಳಿಸಿಕೊಂಡ ಫೈಲು ಎಷ್ಟೋ ಸಲ ಇಳಿಸಿಕೊಂಡ ದಿನವನ್ನೇ ತನ್ನ ಜನ್ಮದಿನವೆಂದು ತೋರಿಸುತ್ತದೆ. ಟ್ರ್ಯಾಕ್ ಚೇಂಜಸ್ ಏನು ಬದಲಾಯಿತೆಂದು ತೋರಿಸೀತು, ಯಾಕೆಂದು ಹೇಳದು. ಇವನ ಕೊನೆಯ ಆಕ್ಷೇಪ ಮಾತ್ರ ತೂಕದ್ದು: ಗೈಡ್ ಬಾಯಲ್ಲೇ ತಿದ್ದುತ್ತಾರೆ, ‘ಯಾಕೆ’ ಎಂಬಲ್ಲಿ ‘ಸರ್ ಹೇಳಿದರು’ ಅಂತ ಬರೆಯಲೇ? ಅದನ್ನೇ ಬರೆಯಲಿ. ಸವೆದ ಅಕ್ಷರವನ್ನು ಮೊದಲ ಕರಡಿನಲ್ಲಿ ತಾನೇ ಸರಿಯಾಗಿ ಓದಿ, ಎರಡನೆಯದರಲ್ಲಿ ಗೈಡ್ ಮಾತಿಗೆ ಬದಲಿಸಿದ್ದರೆ, ವೈವಾ ದಿನ ಅವನ ಪರ ನಿಲ್ಲುವುದು ಆ ಕಲಂ ಒಂದೇ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಸೇರುವುದು ಕೊನೆಯ ಪ್ರತಿ. ಆ ಸರಿಯಾದ ಓದು ‘ಫೈನಲ್ ಹಳೇದು’ ಒಳಗೇ ಉಳಿದಿರುತ್ತದೆ, ಪೆನ್‌ಡ್ರೈವ್ ಯಾವುದೋ ಡಿ.ಟಿ.ಪಿ. ಅಂಗಡಿಯಲ್ಲಿ.