ಹುಡುಗ ಸೋಮಾರಿ ಅಲ್ಲಕ್ಕಾ

ಅಲ್ಲಕ್ಕಾ, ಬೆಳಬೆಳಗ್ಗೆ ಮಗನಿಗೆ ಹಂಗ್ಯಾಕೆ ಬೈತೀರಿ? ಸೋಮಾರಿ ಅಂದ್ರಿ. ಬೇಲಿ ಈಚೆಯಿಂದ ನಾನೂ ದಿನಾ ನೋಡ್ತೀನಲ್ಲ. ಎಮ್ಮೆಗೆ ಹುಲ್ಲು ತರ್ತಾನೆ, ಭದ್ರಾ ಚಾನಲ್ ನೀರು ಬಂದ್ರೆ ರಾತ್ರಿಯೆಲ್ಲಾ ಗದ್ದೇಲಿ ನಿಲ್ತಾನೆ. ಅಸೈನ್‌ಮೆಂಟ್ ಒಂದೇ ಅವನಿಗೆ ಒಗ್ಗಲ್ಲ. ಸೋಮಾರಿ ಆಗಿದ್ರೆ ಎಲ್ಲಾದಕ್ಕೂ ಸೋಮಾರಿ ಆಗ್ಬೇಕಿತ್ತು.

ಮೊನ್ನೆ ಕಟ್ಟೆ ಮೇಲೆ ಬರೆಯೋಕೆ ಕೂತಿದ್ದ. ಸ್ಕೇಲಿಟ್ಟು ಮಾರ್ಜಿನ್ ಹೊಡೆದ, ಹೆಸರು, ರಿಜಿಸ್ಟರ್ ನಂಬರ್ ಬರೆದ, ಹೆಡ್ಡಿಂಗಿನ ಕೆಳಗೆ ಎರಡು ಗೆರೆ ಎಳೆದ. ಆಮೇಲೆ ಪೆನ್ನಿನ ಕ್ಯಾಪ್ ಹಾಕಿ ಮೊಬೈಲ್ ತೆಗೆದ. ಹತ್ತನೇ ಕ್ಲಾಸ್‌ವರೆಗೂ ಕನ್ನಡದಲ್ಲೇ ಓದಿದ ಹುಡುಗ ಅಕ್ಕಾ. ಇಂಗ್ಲಿಷಿನ ಮೊದಲ ಸಾಲು ಬರೆಯೋಕೆ ಅಂಜಿಕೆ. ಮೊಬೈಲ್ ತೆಗೆದ್ರೆ ಆ ಅಂಜಿಕೆ ಅರ್ಧ ಗಂಟೆ ಮರೆತುಹೋಗುತ್ತೆ, ಅಷ್ಟೆ.

ಕೆನಡಾದ ಪಿಯರ್ಸ್ ಸ್ಟೀಲ್ ಅನ್ನೋರು ಹಿಂಗೆ ಕೆಲಸ ಮುಂದೂಡೋದರ ಮೇಲೆ ನಡೆದ ನೂರಾರು ಸಂಶೋಧನೆ ಒಟ್ಟು ಹಾಕಿ 2007ರಲ್ಲಿ ಬರೆದ್ರು. ಅಚ್ಚುಕಟ್ಟು, ಹಿಡಿದ ಕೆಲಸ ಬಿಡದ ಗುಣ ಇದ್ದೋರು ಮುಂದೂಡೋದು ಕಮ್ಮಿ, ಅದು ಸರಿ. ಆದ್ರೆ ಕೆಲಸ ಬೇಸರ ತರಿಸಿದ್ರೆ, ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ ಇಲ್ದಿದ್ರೆ, ಗಡುವು ದೂರ ಇದ್ರೆ ಮುಂದೂಡಿಕೆ ಹೆಚ್ಚು ಅಂತ್ಲೂ ಕಂಡ್ರು. ಸ್ವಭಾವ ತಿದ್ದೋದು ನಮ್ಮ ಕೈಲಿಲ್ಲ. ಗಡುವು ಹತ್ತಿರ ತರೋದು, ಧೈರ್ಯ ಹೇಳೋದು ಇದೆಯಲ್ಲ!

ಇನ್ನೊಂದು ಸಂಶೋಧನೆ ನನಗೆ ಬಹಳ ಹಿಡಿಸ್ತು. ಅದೇ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದೋರು 2010ರಲ್ಲಿ ಪ್ರಕಟಿಸಿದ್ದು. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದ ಮಕ್ಕಳಲ್ಲಿ, ಹೋಗ್ಲಿ ಬಿಡು ಅಂತ ತಮ್ಮನ್ನ ತಾವು ಕ್ಷಮಿಸಿಕೊಂಡೋರು ಮುಂದಿನ ಪರೀಕ್ಷೆಗೆ ಓದೋದನ್ನ ಕಮ್ಮಿ ಮುಂದೂಡಿದ್ರಂತೆ. ನೀವು ಬೈದಷ್ಟೂ ಅವನು ತನ್ನನ್ನೇ ಇನ್ನಷ್ಟು ಬೈಕೋತಾನೆ. ಮರುದಿನ ಆ ಹಾಳೆ ಕಡೆ ನೋಡೋಕೂ ಮನಸ್ಸು ಬರಲ್ಲ.

ತೋಳಹುಣಸೆಯಲ್ಲಿ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಯ್ತು, ನಮ್ಮ ಬಾತಿ ಮಕ್ಕಳು ಮನೇಲಿ ಉಂಡು, ಬಸ್ಸಲ್ಲಿ ಹೋಗಿ ಎಂ.ಎ. ಓದೋ ಹಂಗಾಯ್ತು. ಅಲ್ಲಿಗೆ ಹೋದ ಹುಡುಗ ಒಂದು ಹಾಳೆಗೆ ಅಂಜಿ ಹಿಂದೆ ಉಳಿಯೋದು ಬೇಡಕ್ಕಾ, ನನಗೆ ಸಂಕಟ ಆಗುತ್ತೆ.

ಸಂಜೆ ನಮ್ಮನೆಗೆ ಕಳಿಸ್ರಿ. ಮೊದಲ ಪ್ರಶ್ನೆ ಏನು ಕೇಳ್ತಿದೆ ಅಂತ ಕನ್ನಡದಲ್ಲೇ ನನಗೆ ಹೇಳಲಿ. ಹೇಳಿದ್ದನ್ನೇ ನಾಲ್ಕು ಸಾಲು ಬರೆದು, ಊಟಕ್ಕೆ ಮುಂಚೆ ತೋರಿಸ್ಲಿ. ಉಳಿದದ್ದು ನಾಳೆ ನೋಡೋಣಂತೆ.