ಶನಿವಾರದ ಆಚಾರಿ

ಶನಿವಾರದ ಆಚಾರಿಯನ್ನು ಗುರುತಿಸುವುದು ಸುಲಭ. ಐದು ದಿನ ಲ್ಯಾಪ್‌ಟಾಪಿನ ಮುಂದೆ ಕೂತು, ಆರನೆಯ ದಿನ ಹಳೇ ಚಡ್ಡಿ ಏರಿಸಿ, ಕಿವಿಸಂದಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪ್ರತ್ಯಕ್ಷರಾಗುವವರು ಅವರೇ. ಬೆಂಗಳೂರಿನ ಎಸ್‌ಜೆಪಿ ರಸ್ತೆ ಅವರ ಪುಣ್ಯಕ್ಷೇತ್ರ. ಏಳೂಕಾಲು ಇಂಚಿನ ಬ್ಲೇಡಿನ ಸರ್ಕ್ಯುಲರ್ ಸಾ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಪುಡಿ ಹಿಡಿಯುವ ಚೀಲ, ಎಲ್ಲವೂ ಅವರಲ್ಲಿದೆ. ಇಲ್ಲದ್ದು ಒಂದೇ: ನೆಟ್ಟಗಿರುವ ಒಂದು ಪಟ್ಟಿ. ಅವರು ಕೊಯ್ದ ಹಲಗೆ ಸೊಟ್ಟಗಾದಾಗ ನೋಡಿದವರು ಕೈ ಪಳಗಿಲ್ಲ ಅನ್ನುತ್ತಾರೆ, ಅವರು ಮಶೀನು ಸರಿಯಿಲ್ಲ ಅನ್ನುತ್ತಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಕೊಯ್ತ ನೇರವೋ ಸೊಟ್ಟವೋ ಅನ್ನುವುದು ಸ್ವಿಚ್ ಒತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಪಟ್ಟಿ ಇಟ್ಟರೆ ನೇರ, ಇಡದಿದ್ದರೆ ಸೊಟ್ಟ. ಇನ್ನು ಅವರು ಪಟ್ಟಿ ಇಡದಿರುವುದು ಗೊತ್ತಿಲ್ಲದೆ ಅಲ್ಲ, ಮರ್ಯಾದೆಯ ಪ್ರಶ್ನೆಯಿಂದ.

ಲೆಕ್ಕವನ್ನೇ ನೋಡೋಣ. ಪ್ಲೈವುಡ್ ಹಾಳೆ ಎಂಟು ಅಡಿ ಉದ್ದ, ಅಂದರೆ 2440 ಮಿ.ಮೀ. ಗರಗಸವನ್ನು ಗೆರೆಯ ಮೇಲಿಡುವಾಗ ಬರೀ ಅರ್ಧ ಡಿಗ್ರಿ ಓರೆಯಾದರೆ ಆಚೆ ತುದಿ ಮುಟ್ಟುವಷ್ಟರಲ್ಲಿ ಅದು ಗೆರೆಯಿಂದ 21 ಮಿ.ಮೀ. ದೂರ ಹೋಗಿರುತ್ತದೆ. ಅರ್ಧ ಡಿಗ್ರಿಯನ್ನು ಬರಿಗಣ್ಣಿನಲ್ಲಿ ಹಿಡಿಯುವ ಮನುಷ್ಯ ಇನ್ನೂ ಹುಟ್ಟಿದಂತಿಲ್ಲ. ದಾರಿಯಲ್ಲಿ ತಿದ್ದಿಕೊಂಡರಾಯಿತು ಅನ್ನುವುದೂ ಆಗದ ಮಾತು. ಬ್ಲೇಡು ಚಪ್ಪಟೆಯಾದ, ಗಡುಸಾದ ಉಕ್ಕಿನ ತಟ್ಟೆ. ತಾನೇ ಕೊರೆದ ಸೀಳಿನೊಳಗೆ ಅದಕ್ಕೆ ಮಗ್ಗುಲು ಬದಲಿಸಲು ಜಾಗವೇ ಇಲ್ಲ. ನಮ್ಮ ಆಚಾರಿ ಮಾಡುವುದು ಅದನ್ನೇ. ಮೊದಲ ಗೇಣು ದಾಟುತ್ತಲೇ ಗೆರೆ ತಪ್ಪಿದ್ದು ಕಾಣುತ್ತದೆ, ಮಣಿಕಟ್ಟು ತಿರುಚುತ್ತಾರೆ, ಬ್ಲೇಡಿನ ಹಿಂಬದಿಯ ಹಲ್ಲುಗಳು ಸೀಳಿನ ಗೋಡೆಗೆ ಉಜ್ಜುತ್ತವೆ. ಮೋಟಾರಿನ ಕೂಗು ಕೀರಲಿನಿಂದ ನರಳಾಟಕ್ಕೆ ಇಳಿಯುತ್ತದೆ, ಅಂಚಿನಲ್ಲಿ ಕಪ್ಪು ಸುಟ್ಟಗಾಯ ಮೂಡುತ್ತದೆ, ಆಮೇಲೆ ಇಡೀ ಯಂತ್ರ ಎದೆಯ ಕಡೆಗೆ ಹಿಮ್ಮುಖವಾಗಿ ಒದೆಯುತ್ತದೆ. ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಾಳೆ ಇಟ್ಟಿದ್ದರಂತೂ ಕೇಳುವುದೇ ಬೇಡ. ನಡುವೆ ಜೋತ ಹಾಳೆ ಸೀಳನ್ನು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಆಗ ತಪ್ಪು ಹಲಗೆಯ ಆಚೆ ತುದಿ ಹಿಡಿದು ನಿಂತವರದ್ದು. “ಅಲ್ಲಾಡಿಸಬೇಡ ಅಂದ್ನಲ್ಲೇ!” ಅನ್ನುವ ಮಾತು ಸಾಮಾನ್ಯವಾಗಿ ಹೆಂಡತಿಗೆ ಸಲ್ಲುತ್ತದೆ.

ಹಳೇ ಕಾಲದ ಬಡಗಿಗಳು ಯಾವ ಪಟ್ಟಿಯೂ ಇಲ್ಲದೆ ನೆಟ್ಟಗೆ ಕೊಯ್ಯುತ್ತಿರಲಿಲ್ಲವೇ ಎಂದು ಅವರು ಕೇಳುತ್ತಾರೆ. ಕೊಯ್ಯುತ್ತಿದ್ದರು, ನಿಜ. ಆದರೆ ಅವರ ಕೈಯಲ್ಲಿದ್ದದ್ದು ಒಂದು ಎಳೆತಕ್ಕೆ ಕೂದಲೆಳೆಯಷ್ಟೇ ಮುಂದೆ ಹೋಗುವ ಕೈಗರಗಸ. ತಪ್ಪಿದರೆ ಮುಂದಿನ ಎಳೆತದಲ್ಲೇ ತಿದ್ದಿಕೊಳ್ಳಬಹುದಿತ್ತು. ನಮ್ಮ ಆಚಾರಿಯ ಯಂತ್ರ ನಿಮಿಷಕ್ಕೆ 5000 ಸುತ್ತು ತಿರುಗುತ್ತದೆ, ಪಶ್ಚಾತ್ತಾಪಕ್ಕೆ ಬಿಡುವು ಕೊಡುವುದಿಲ್ಲ. ಅದೂ ಅಲ್ಲದೆ ಆ ಬಡಗಿಗಳು ಬರಿಗಣ್ಣನ್ನು ನಂಬಿದವರೇ ಅಲ್ಲ. ಬಣ್ಣ ಅದ್ದಿದ ನೂಲು ಎಳೆದು ಹೊಡೆದು ಗೆರೆ ಹಾಕುತ್ತಿದ್ದರು, ಮೂಲೆಮಟ್ಟ ಇಟ್ಟು ನೋಡುತ್ತಿದ್ದರು, ಗೆರೆಯ ಹೊರಗೆ ಒಂದಿಷ್ಟು ಬಿಟ್ಟು ಕೊಯ್ದು ಉಳಿದದ್ದನ್ನು ತೋಪಡದಲ್ಲಿ ಹೆರೆಯುತ್ತಿದ್ದರು. ನಾವು ಹೊಗಳುವ ಅವರ ಕೈಚಳಕದಲ್ಲಿ ಅರ್ಧ ಪಾಲು ತಮ್ಮ ಕೈಯ ಮೇಲಿನ ಅನುಮಾನ. ಇವತ್ತಿನ ಕಸುಬುದಾರರೂ ಹಾಗೆಯೇ. ಬೆಂಗಳೂರಿನ ಎಷ್ಟೋ ಮನೆಗಳ ವಾರ್ಡ್‌ರೋಬು ಹುಟ್ಟಿದ್ದು ನಾಲ್ಕಿಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡು ಸಿಕ್ಕಿಸಿ ಕೊಯ್ದ ಹಲಗೆಗಳಿಂದ. (ಕಲ್ಲು ಕತ್ತರಿಸುವ ಯಂತ್ರದಲ್ಲಿ ಮರ ಕೊಯ್ಯುವುದು ಅಪಾಯ, ಬೆರಳಿನ ಆಸೆ ಇರುವವರು ಅನುಕರಿಸಬಾರದು.) ನೋಡಬೇಕಾದ್ದು ಇಷ್ಟು: ಯಂತ್ರ ತಕ್ಕದ್ದಲ್ಲ, ಕೊಯ್ತ ಮಾತ್ರ ನೇರ, ಏಕೆಂದರೆ ಕಟರಿನ ಪಕ್ಕಕ್ಕೆ ಒಂದು ಪಟ್ಟಿ ಇದೆ. ನಮ್ಮ ಆಚಾರಿಯದ್ದು ತಕ್ಕ ಯಂತ್ರ, ಸೊಟ್ಟ ಹಲಗೆ.

ಆ ಪಟ್ಟಿಗೆ ಕಾಸೂ ಬೇಡ. ಪ್ಲೈವುಡ್ ಹಾಳೆಗೆ ಕಾರ್ಖಾನೆಯಿಂದ ಬಂದ ಅಂಚು ನೇರವಾಗಿಯೇ ಇರುತ್ತದೆ. ಆ ಅಂಚಿನಿಂದ ನಾಲ್ಕು ಬೆರಳಗಲ ಸೀಳಿಕೊಂಡರೆ ಜನ್ಮಕ್ಕಾಗುವಷ್ಟು ಪಟ್ಟಿ. ಗರಗಸದ ತಳದ ತಟ್ಟೆಯ ಅಂಚಿನಿಂದ ಬ್ಲೇಡಿನ ಹಲ್ಲಿಗೆ ಎಷ್ಟು ದೂರ ಎಂದು ಒಮ್ಮೆ ಅಳೆದು, ಗೆರೆಯಿಂದ ಅಷ್ಟೇ ದೂರದಲ್ಲಿ ಪಟ್ಟಿಯನ್ನು ಕ್ಲ್ಯಾಂಪು ಹಾಕಿ ಬಿಗಿದು, ತಟ್ಟೆಯನ್ನು ಅದಕ್ಕೆ ಒತ್ತಿ ತಳ್ಳಿದರೆ ಮುಗಿಯಿತು. ಪಿಯುಸಿ ಓದುವ ಹುಡುಗಿಯೂ ಮಾಡಬಹುದು. ತೊಂದರೆ ಇರುವುದೇ ಅಲ್ಲಿ. ಪಿಯುಸಿ ಹುಡುಗಿಯೂ ಮಾಡಬಹುದಾದದ್ದನ್ನು ಮಾಡಲು ಇಷ್ಟು ದುಡ್ಡು ಸುರಿಯಬೇಕಿತ್ತೇ? ಗೆರೆ ನೇರ ಬಂದರೆ ಹೊಗಳಿಕೆ ಪಟ್ಟಿಗೆ ಹೋಗುತ್ತದೆ, ಆಚಾರಿಗೆ ಬರುವುದಿಲ್ಲ. ಸೈಕಲ್ಲಿಗೆ ಪಕ್ಕದ ಚಕ್ರ ಹಾಕಿಕೊಂಡು ಆಫೀಸಿಗೆ ಹೊರಟಷ್ಟು ನಾಚಿಕೆ ಅವರಿಗೆ. ಪ್ಲೈವುಡ್ ಅಂಗಡಿಯವರೇ ಅಳತೆ ಕೊಟ್ಟರೆ ದೊಡ್ಡ ಯಂತ್ರದಲ್ಲಿ ಕೊಯ್ದು ಕೊಡುತ್ತಾರೆ ಎಂದು ಮಾತ್ರ ಅವರಿಗೆ ಹೇಳಲೇಬಾರದು, ಸ್ನೇಹ ಕೆಡುತ್ತದೆ.

ಮರ್ಯಾದೆಯ ವಾದಕ್ಕೆ ಇನ್ನೊಂದು ಸಾಕ್ಷಿ ಮೈಕಾ. ಈ ಗರಗಸದ ಹಲ್ಲು ಮರವನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಹಾಗಾಗಿ ಚಕ್ಕೆ ಏಳುವುದು ಮೇಲ್ಮೈಯಲ್ಲಿ. ಚಂದದ ಮುಖ ನೆಲಕ್ಕಿರಬೇಕು. ಆದರೆ ಮೈಕಾದ ಹೊಳಪನ್ನು ನೋಡುತ್ತಾ ಕೊಯ್ಯುವ ಸುಖ ಬಿಡಲಾರದೆ ಅವರು ಅದನ್ನೇ ಮೇಲಿಡುತ್ತಾರೆ. ಎಂಟಡಿ ಉದ್ದಕ್ಕೂ ಇಲಿ ಕಡಿದಂಥ ಅಂಚು ಸಿಗುತ್ತದೆ. ಬ್ಲೇಡು ತಾನೂ ಎರಡು ಮಿ.ಮೀ.ನಷ್ಟು ಮರ ತಿನ್ನುತ್ತದೆ ಎಂಬುದೂ ಲೆಕ್ಕಕ್ಕೆ ಬರುವುದಿಲ್ಲ. ಹಾಳೆಯನ್ನು 610 ಮಿ.ಮೀ.ನ ನಾಲ್ಕು ತುಂಡು ಮಾಡಲು ಮೂರೂ ಗೆರೆ ಮೊದಲೇ ಎಳೆದಿಟ್ಟು ಕೊಯ್ದರೆ ಒಟ್ಟು ಆರು ಮಿ.ಮೀ. ಪುಡಿಯಾಗಿ ಚೀಲ ಸೇರಿರುತ್ತದೆ. ಕಡಿಮೆ ಬಿದ್ದದ್ದಕ್ಕೆ ಟೇಪು ಬೈಗುಳ ತಿನ್ನುತ್ತದೆ.

ಯಂತ್ರದಲ್ಲಿ ಲೇಸರ್ ದೀಪ ಇದೆಯಲ್ಲ ಅನ್ನುವವರಿದ್ದಾರೆ. ಆ ಕೆಂಪು ಗೆರೆ ಎಲ್ಲಿ ಹೋಗಬೇಕಿತ್ತು ಎಂದು ತೋರಿಸುತ್ತದೆಯೇ ಹೊರತು ಕೈ ಹಿಡಿದು ನಡೆಸುವುದಿಲ್ಲ. ಅದೂ ಪುಡಿ ಮುಚ್ಚುವವರೆಗೆ. ನಮ್ಮ ಮನೆಗೆ ತಾನೆ, ನಾಲ್ಕು ಮಿ.ಮೀ. ಹೆಚ್ಚುಕಡಿಮೆಯಾದರೆ ಏನು ಮಹಾ ಅನ್ನುವ ಮಾತಿಗೆ ಸ್ವಲ್ಪ ತೂಕವಿದೆ. ಈ ಗರಗಸ ಹುಟ್ಟಿದ್ದೇ ಒರಟು ಕೆಲಸಕ್ಕೆ. 1920ರ ದಶಕದ ಅಮೆರಿಕದಲ್ಲಿ ಎಡ್ಮಂಡ್ ಮಿಶೆಲ್ ಎಂಬಾತ ಕಬ್ಬು ಕಡಿಯಲು ಮೋಟಾರಿನ ಮಚ್ಚು ಮಾಡಹೊರಟು, ಅಲ್ಲಿಂದ ಮರದ ಗರಗಸಕ್ಕೆ ಬಂದ. ಅಲ್ಲಿನ ಮರದ ಮನೆಗಳ ತೊಲೆ ಜಂತೆ ಕೊಯ್ಯಲು ಅದು ಹೇಳಿ ಮಾಡಿಸಿದಂತಿತ್ತು. ತೊಲೆಯಲ್ಲಿ ನಾಲ್ಕು ಮಿ.ಮೀ. ಯಾರಿಗೂ ಕಾಣುವುದಿಲ್ಲ. ಪುಸ್ತಕದ ಕಪಾಟಿನಲ್ಲಿ ಕಾಣುತ್ತದೆ: ಅಡ್ಡಹಲಗೆ ಆಡುತ್ತದೆ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಕಾಲಿನ ಕೆಳಗೆ ಮದುವೆ ಕರೆಯೋಲೆ ಮಡಿಸಿ ಇಡಬೇಕಾಗುತ್ತದೆ.

ಇಷ್ಟಾದರೂ ಅವರು ಆಸರೆಯನ್ನೇ ಒಲ್ಲೆ ಅನ್ನುವವರು ಎಂದು ತಿಳಿದರೆ ಅನ್ಯಾಯ. ಅವರಿಗೆ ಬೇಡವಾದದ್ದು ಪುಕ್ಕಟೆ ಆಸರೆ. ಅದೇ ಪಟ್ಟಿಯನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿ, ಅಡಿಗೆ ರಬ್ಬರ್ ಅಂಟಿಸಿ, ‘ಗೈಡ್ ರೈಲ್’ ಎಂದು ಹೆಸರಿಟ್ಟು, ಹೊಂದುವ ಹೊಸ ಗರಗಸದ ಜೊತೆಗೆ ಮಾರಿದರೆ ಅವರು ಕಣ್ಣಿಗೊತ್ತಿಕೊಂಡು ತರುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ, ಇದಿಲ್ಲದೆ ನೇರ ಕೊಯ್ಯುವುದು ಸಾಧ್ಯವೇ ಇಲ್ಲ ಎಂದು ನಮಗೇ ಪಾಠ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ರೈಲು ಸಾಮಾನ್ಯವಾಗಿ 1400 ಮಿ.ಮೀ. ಉದ್ದದ್ದು, ಹಾಳೆ 2440. ಎರಡು ರೈಲುಗಳನ್ನು ತುದಿಗೆ ತುದಿ ಕೂಡಿಸಬೇಕು. ಕೂಡಿಸಿದ್ದು ನೆಟ್ಟಗಿದೆಯೇ ಎಂದು ನೋಡಲು ಅವರಿಗೀಗ ಒಂದು ಉದ್ದನೆಯ ಪಟ್ಟಿ ಬೇಕಾಗಿದೆ.